ಕತ್ತಲಲ್ಲಿ ಕಂಡಿದ್ದು ಯಾರ ಮುಖ? ನೈಟ್ ವಿಷನ್ ಕ್ಯಾಮೆರಾ ಕೊಳ್ಳುವ ಮೊದಲು

ಸಿಸಿಟಿವಿ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರ್ತಾರೆ: ‘ನೈಟ್ ವಿಷನ್ 30 ಮೀಟರ್’. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿವರೆಗೂ ವ್ಯಾಪಾರ ನಡೆಯೋದು ಈ ಒಂದು ಸಾಲಿನ ಮೇಲೇ. ಆ ಸಾಲು ಸುಳ್ಳಲ್ಲ. ಆದರೆ ಅದು ಹೇಳುವುದು ಇಷ್ಟೇ: 30 ಮೀಟರ್ ದೂರದಲ್ಲಿ ಏನೋ ಒಂದು ಓಡಾಡಿದರೆ ಕ್ಯಾಮೆರಾಗೆ ತಿಳಿಯುತ್ತದೆ. ಮನುಷ್ಯನಾ, ನಾಯಿಯಾ ಅನ್ನೋದೂ ಬಹುಶಃ ಗೊತ್ತಾದೀತು. ಯಾರು ಅನ್ನೋದು ಮಾತ್ರ ಗೊತ್ತಾಗೋದು ಮೂರು ಮೀಟರ್ ಆಸುಪಾಸಿನಲ್ಲಿ.

ಈ 30 ಮತ್ತು 3ರ ನಡುವಿನ ಅಂತರವನ್ನು ಬರೀ ಗ್ರಾಹಕರ ಸಮಸ್ಯೆ ಅಂದುಕೊಳ್ಳಬೇಡಿ. ನಿಮ್ಮ ಲೇಔಟಿನ ಅಥವಾ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಬರುವ ‘ಸಂಶಯಾಸ್ಪದ ವ್ಯಕ್ತಿ’ ವಿಡಿಯೊಗಳನ್ನು ನೆನಪಿಸಿಕೊಳ್ಳಿ. ಕಪ್ಪು ಬಿಳುಪು, ಮಸುಕು, ಮುಖ ಇರಬೇಕಾದ ಜಾಗದಲ್ಲಿ ಬೆಳ್ಳಗಿನ ಒಂದು ಉಂಡೆ. ಐದೇ ನಿಮಿಷದಲ್ಲಿ ಗುಂಪು ಆ ಉಂಡೆಗೆ ಮುಖ ಕೊಟ್ಟುಬಿಡುತ್ತದೆ: ಪಕ್ಕದ ಸೈಟಿನಲ್ಲಿ ಗಾರೆ ಕೆಲಸ ಮಾಡೋನು, ಚಿಂದಿ ಆಯೋನು, ಡೆಲಿವರಿ ಹುಡುಗ, ಕಳೆದ ತಿಂಗಳು ಕೆಲಸ ಬಿಟ್ಟ ಮನೆಗೆಲಸದಾಕೆಯ ಗಂಡ. ಯಾವತ್ತಾದರೂ ಆ ಉಂಡೆಗೆ ಮೂರನೇ ಮಹಡಿಯ ಓನರ್ ಮುಖ ಬಂದಿದ್ದು ನೋಡಿದ್ದೀರಾ?

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಆ ದಿನಗಳಲ್ಲಿ ದೇಶದ ತುಂಬಾ ಹರಿದಾಡುತ್ತಿದ್ದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸೋಕೆ ಮಾಡಿದ ಕಿರುಚಿತ್ರದ ತುಂಡು. ಮಗುವನ್ನು ವಾಪಸ್ ತಂದುಬಿಟ್ಟು ಸಂದೇಶ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ನೋಡೋಕೆ ಅದು ಥೇಟ್ ಸಿಸಿಟಿವಿ ದೃಶ್ಯದಂತೆ ಇತ್ತು. ಕ್ಯಾಮೆರಾ ಮೂಲೆಯಿಂದ ನೋಡಿದ್ದನ್ನು ನಾವು ಪ್ರಶ್ನೆ ಮಾಡದೆ ನಂಬುತ್ತೇವೆ.

ಹಾಗಾಗಿ ‘ಏನೂ ಇಲ್ಲದಕ್ಕಿಂತ ಮಸುಕಾಗಿದ್ದರೂ ವಾಸಿ’ ಅನ್ನೋ ಮಾತನ್ನ ನಾನು ಒಪ್ಪಲ್ಲ. ಕ್ಯಾಮೆರಾ ಹಾಕೋದಾದರೆ ರಾತ್ರಿ ಮುಖ ಕಾಣುವ ಹಾಗೆ ಹಾಕಿ. ಅದಕ್ಕೆ ಬೇಕಾದ ಲೆಕ್ಕ ಕಷ್ಟದ್ದೇನಲ್ಲ, ಅಂಗಡಿಯವರು ಹೇಳಲ್ಲ ಅಷ್ಟೇ.

ಎಲ್ಲಿ ಮುಖ ಬೇಕು ಅಂತ ಮೊದಲು ತೀರ್ಮಾನ ಮಾಡಿ

ಐಇಸಿ 62676-4 ಅನ್ನೋ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಕ್ಯಾಮೆರಾ ಕೆಲಸವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿತ್ತು. ನೋಡುವ ಜಾಗದ ಒಂದು ಮೀಟರ್ ಅಗಲಕ್ಕೆ ಚಿತ್ರದಲ್ಲಿ 25 ಪಿಕ್ಸೆಲ್ ಸಿಕ್ಕರೆ ‘ಏನೋ ಇದೆ’ ಅಂತ ಪತ್ತೆ ಮಾಡಬಹುದು. ಸುಮಾರು 62 ಸಿಕ್ಕರೆ ಬಟ್ಟೆ, ನಡಿಗೆ, ಏನು ಮಾಡ್ತಿದ್ದಾರೆ ಅನ್ನೋದು ಕಾಣುತ್ತದೆ. 125 ಸಿಕ್ಕರೆ ಮೊದಲೇ ಪರಿಚಯ ಇರೋರನ್ನ ಗುರುತು ಹಿಡಿಯಬಹುದು. ಪರಿಚಯವೇ ಇಲ್ಲದ ವ್ಯಕ್ತಿ ಇವರೇ ಅಂತ ಖಚಿತವಾಗಿ ಹೇಳೋಕೆ 250 ಬೇಕು.

ಈಗ ಮಾರುಕಟ್ಟೆಯ ಅತಿ ಸಾಮಾನ್ಯ ಸರಕು ತಗೊಳ್ಳೋಣ: 2 ಮೆಗಾಪಿಕ್ಸೆಲ್, 2.8 ಎಂಎಂ ಲೆನ್ಸ್. ಚಿತ್ರದ ಅಗಲ 1920 ಪಿಕ್ಸೆಲ್. ಈ ಲೆನ್ಸಿನ ನೋಟ ಬಹಳ ಅಗಲ, ಸುಮಾರು 105 ಡಿಗ್ರಿ. ಮೂರು ಮೀಟರ್ ದೂರದಲ್ಲಿ ಅದು ಹೆಚ್ಚುಕಡಿಮೆ 7.8 ಮೀಟರ್ ಅಗಲದ ಜಾಗ ನೋಡ್ತಿರುತ್ತದೆ. 1920ನ್ನು 7.8ರಿಂದ ಭಾಗಿಸಿ: 246. ಅಂದರೆ ಅಪರಿಚಿತರ ಮುಖ ಸಿಗೋದು ಮೂರು ಮೀಟರಿಗೆ. ಆರು ಮೀಟರಿಗೆ ಅದು 123ಕ್ಕೆ ಇಳಿಯುತ್ತದೆ, ಗೊತ್ತಿರೋರಾದರೆ ಗುರುತು ಸಿಗಬಹುದು. 30 ಮೀಟರಿಗೆ ಹೋದರೆ 25ರ ಹತ್ತಿರ. ಡಬ್ಬದ ಮೇಲಿನ 30 ಎಲ್ಲಿಗೆ ಬಂದು ಕೂತಿದೆ ನೋಡಿ, ‘ಏನೋ ಇದೆ’ ಅನ್ನೋ ಮೆಟ್ಟಿಲಿಗೆ.

ಅದೇ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 6 ಎಂಎಂ ಲೆನ್ಸ್ ಇದ್ದರೆ ನೋಟ ಸುಮಾರು 54 ಡಿಗ್ರಿಗೆ ಕಿರಿದಾಗುತ್ತದೆ. ಆಗ 250ರ ಲೆಕ್ಕ ಏಳೂವರೆ ಮೀಟರ್ ದೂರದವರೆಗೂ ಸಿಗುತ್ತದೆ. ಹೆಚ್ಚಿನ ಮೆಗಾಪಿಕ್ಸೆಲ್‌ಗೆ ದುಡ್ಡು ಸುರಿಯದೆ, ಬರೀ ಲೆನ್ಸ್ ಬದಲಿಸಿ ಎರಡೂವರೆ ಪಟ್ಟು ದೂರ. ಆದರೆ ಇನ್‌ಸ್ಟಾಲರ್ ನಿಮಗೆ ಕೊಡೋದು 2.8 ಎಂಎಂ. ಮೊಬೈಲಿನಲ್ಲಿ ತೋರಿಸಿದಾಗ ಇಡೀ ಬೀದಿ ಕಾಣುತ್ತದೆ, ನಿಮಗೂ ಖುಷಿ, ಅವರಿಗೂ ಖುಷಿ.

ಮನೆಗೆ ನನ್ನ ಸಲಹೆ ಇದು. ಎಲ್ಲವನ್ನೂ ನೋಡುವ ಒಂದು ಅಗಲದ ಕ್ಯಾಮೆರಾ ಸಾಕು. ಇನ್ನೊಂದನ್ನು ಜನ ಹಾಯ್ದೇ ಹೋಗಬೇಕಾದ ಇಕ್ಕಟ್ಟಿನ ಜಾಗಕ್ಕೆ ಹಾಕಿ: ಗೇಟು, ಮೆಟ್ಟಿಲಿನ ತಿರುವು, ಅಂಗಡಿಯ ರೋಲಿಂಗ್ ಶಟರ್. ಅದಕ್ಕೆ 4 ಅಥವಾ 6 ಎಂಎಂ ಲೆನ್ಸ್. ಎತ್ತರ ಎಂಟು ಅಡಿ ಮೀರಬಾರದು. ಕಳ್ಳರ ಕೈಗೆ ಸಿಗಬಾರದು ಅಂತ ಮೊದಲ ಮಹಡಿಯ ಸಜ್ಜಾಕ್ಕೆ ಹಾಕಿದರೆ ಸಿಗೋದು ಟೋಪಿ ಮತ್ತು ಬೋಳುತಲೆ.

ಬೆಳಕಿಲ್ಲದೆ ಯಾವ ಪವಾಡವೂ ಇಲ್ಲ

ಮೇಲಿನದ್ದು ಹಗಲಿನ ಲೆಕ್ಕ. ರಾತ್ರಿ ಇದರಲ್ಲಿ ಎಷ್ಟು ಉಳಿಯುತ್ತದೆ ಅನ್ನೋದು ಸಂಪೂರ್ಣ ಬೆಳಕಿಗೆ ಬಿಟ್ಟಿದ್ದು.

ಕ್ಯಾಮೆರಾದೊಳಗಿನ ಸಿಲಿಕಾನ್ ಸೆನ್ಸರಿಗೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕೂ ಕಾಣುತ್ತದೆ. ಹಗಲಲ್ಲಿ ಅದು ಬಣ್ಣ ಕೆಡಿಸುತ್ತದೆ ಅಂತ ಒಂದು ಫಿಲ್ಟರ್ ಅಡ್ಡ ಇಟ್ಟಿರ್ತಾರೆ. ಸಂಜೆ ಕ್ಯಾಮೆರಾದಿಂದ ‘ಟಿಕ್’ ಅಂತ ಸಣ್ಣ ಸದ್ದು ಬರುತ್ತಲ್ಲ, ಆ ಫಿಲ್ಟರ್ ಪಕ್ಕಕ್ಕೆ ಸರಿದ ಸದ್ದು ಅದು. ಆಮೇಲೆ ಕ್ಯಾಮೆರಾದ ಸುತ್ತ ಇರುವ ಐಆರ್ ಎಲ್‌ಇಡಿಗಳು ಹೊತ್ತಿಕೊಂಡು ಚಿತ್ರ ಕಪ್ಪು ಬಿಳುಪಾಗುತ್ತದೆ. ಹೆಚ್ಚಿನ ಎಲ್‌ಇಡಿಗಳು 850 ನ್ಯಾನೊಮೀಟರಿನವು, ಹತ್ತಿರದಿಂದ ನೋಡಿದರೆ ಕೆಂಪು ಚುಕ್ಕಿ ಮಿನುಗುತ್ತದೆ. 940 ನ್ಯಾನೊಮೀಟರಿನವು ಪೂರ್ತಿ ಅಗೋಚರ. ಆದರೆ ಆ ತರಂಗಾಂತರದಲ್ಲಿ ಸೆನ್ಸರಿನ ಗ್ರಹಣಶಕ್ತಿ ಕಡಿಮೆ, ಹಾಗಾಗಿ ದೂರವೂ ಕಡಿಮೆ. ಮನೆ ಅಂಗಡಿಗಳಿಗೆ 850 ಸಾಕು. ಕ್ಯಾಮೆರಾ ಇದೆ ಅಂತ ಬಂದೋರಿಗೆ ಗೊತ್ತಾದರೆ ಒಳ್ಳೇದೇ.

ಐಆರ್ ಚಿತ್ರ ನೋಡುವಾಗ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು, ವಿಶೇಷವಾಗಿ ಗುಂಪಿಗೆ ಫಾರ್ವರ್ಡ್ ಮಾಡೋರಿಗೆ. ಇದು ಕಣ್ಣಿಗೆ ಕಾಣುವ ಪ್ರಪಂಚದ ಕಪ್ಪು ಬಿಳುಪು ಫೋಟೊ ಅಲ್ಲ. ಕಪ್ಪು ಬಣ್ಣ ಹಾಕಿದ ಎಷ್ಟೋ ಬಟ್ಟೆಗಳು ಇನ್‌ಫ್ರಾರೆಡ್ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತವೆ, ಹಾಗಾಗಿ ಕಪ್ಪು ಶರ್ಟು ಬೆಳ್ಳಗೆ ಕಾಣಬಹುದು. ಮೈಬಣ್ಣದ ವ್ಯತ್ಯಾಸವೂ ಐಆರ್‌ನಲ್ಲಿ ಬಹಳ ಕಡಿಮೆಯಾಗುತ್ತದೆ. ‘ಬಿಳಿ ಅಂಗಿ ಹಾಕಿದ್ದ’, ‘ಬೆಳ್ಳಗಿದ್ದ’ ಅಂತ ರಾತ್ರಿಯ ಐಆರ್ ದೃಶ್ಯ ನೋಡಿ ಹೇಳುವ ಸಾಕ್ಷ್ಯಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ.

ಎರಡನೆಯ ದಾರಿ ರಾತ್ರಿಯೂ ಬಣ್ಣದಲ್ಲೇ ನೋಡುವ ಕ್ಯಾಮೆರಾ. ಹಿಕ್‌ವಿಷನ್ ಇದನ್ನ ಕಲರ್‌ವು ಅನ್ನುತ್ತದೆ, ದಹುವಾ ಫುಲ್ ಕಲರ್ ಅನ್ನುತ್ತದೆ, ಬೇರೆಯವರು ಬೇರೆ ಏನೋ. ಹೆಸರು ಏನೇ ಇರಲಿ, ನೋಡಬೇಕಾದ್ದು ಮೂರು ಸಂಗತಿ. ಲೆನ್ಸಿನ ಎಫ್ ಸಂಖ್ಯೆ ಕಮ್ಮಿ ಇದ್ದಷ್ಟೂ ಒಳ್ಳೇದು: ಎಫ್ 2.0ಕ್ಕೆ ಹೋಲಿಸಿದರೆ ಎಫ್ 1.0 ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸೆನ್ಸರ್ ದೊಡ್ಡದಿರಬೇಕು. ಮತ್ತೆ, ಬೆಳಕು ತೀರಾ ಇಲ್ಲದಾಗ ಹಚ್ಚಿಕೊಳ್ಳೋಕೆ ಅದರಲ್ಲೇ ಒಂದು ಬಿಳಿ ಎಲ್‌ಇಡಿ ಇರುತ್ತದೆ, ಅದು ರಾತ್ರಿಯಿಡೀ ಉರಿಯುತ್ತದಾ ಅಥವಾ ಮನುಷ್ಯರು ಬಂದಾಗ ಮಾತ್ರ ಉರಿಯುತ್ತದಾ ಅಂತ ಕೇಳಿ. ಈಗ ‘ಡ್ಯುಯಲ್ ಲೈಟ್’ ಅಂತ ಮಾರುವ ಮಾದರಿಗಳು ಸಾಮಾನ್ಯವಾಗಿ ಐಆರ್‌ನಲ್ಲಿದ್ದು, ಯಾರಾದರೂ ಬಂದರೆ ಬಿಳಿ ದೀಪ ಹಚ್ಚುತ್ತವೆ. ಮನೆ ಗೇಟಿಗೆ ಇವತ್ತಿಗೆ ನನಗೆ ಸರಿಕಾಣೋದು ಇದೇ. ರಾತ್ರಿಯಿಡೀ ಉರಿಯುವ ದೀಪ ಎದುರುಮನೆಯವರ ಮಲಗೋ ಕೋಣೆಗೆ ಬೀಳುತ್ತದೆ, ಮಳೆಗಾಲದಲ್ಲಿ ಹುಳಗಳನ್ನೆಲ್ಲ ಕರೆಯುತ್ತದೆ.

ಮೆಗಾಪಿಕ್ಸೆಲ್ ಜಾಸ್ತಿಯಾದಷ್ಟೂ ರಾತ್ರಿ ಚೆನ್ನ ಅನ್ನೋದು ಅರ್ಧ ಸುಳ್ಳು. 1/2.8 ಇಂಚಿನ ಸೆನ್ಸರಿನಲ್ಲಿ 2 ಮೆಗಾಪಿಕ್ಸೆಲ್ ಇದ್ದರೆ ಒಂದೊಂದು ಪಿಕ್ಸೆಲ್ ಸುಮಾರು 2.9 ಮೈಕ್ರಾನ್ ಅಗಲ. ಅದೇ ಗಾತ್ರದಲ್ಲಿ 8 ಮೆಗಾಪಿಕ್ಸೆಲ್ ತುರುಕಿದರೆ 1.45 ಮೈಕ್ರಾನ್. ವಿಸ್ತೀರ್ಣ ಕಾಲು ಭಾಗ, ಬೀಳುವ ಬೆಳಕೂ ಕಾಲು ಭಾಗ. ಮಳೆ ಬಂದಾಗ ಹಂಡೆ ಇಡೋದಕ್ಕೂ ಲೋಟ ಇಡೋದಕ್ಕೂ ಇರುವ ವ್ಯತ್ಯಾಸ. 8 ಮೆಗಾಪಿಕ್ಸೆಲ್ ಬೇಕೇಬೇಕು ಅಂದರೆ ಅದಕ್ಕೆ ತಕ್ಕ ದೊಡ್ಡ ಸೆನ್ಸರ್ ಇರೋದನ್ನ ತಗೊಳ್ಳಿ, ಬೆಲೆಯೂ ಹಾಗೇ ಇರುತ್ತದೆ. ಇಲ್ಲವಾದರೆ 4 ಮೆಗಾಪಿಕ್ಸೆಲ್‌ಗೆ ನಿಲ್ಲಿ.

‘0.0005 ಲಕ್ಸ್’ ಅಂತ ಸೊನ್ನೆಗಳ ಸಾಲು ಬರೆದಿರೋದನ್ನ ಪಕ್ಕಕ್ಕಿಡಿ. ಹುಣ್ಣಿಮೆ ಬೆಳಕೇ ಹೆಚ್ಚೆಂದರೆ 0.3 ಲಕ್ಸ್. ಅದಕ್ಕಿಂತ ನೂರಾರು ಪಟ್ಟು ಕಮ್ಮಿ ಬೆಳಕಲ್ಲಿ ಚಿತ್ರ ಬರಬೇಕಾದರೆ ಕ್ಯಾಮೆರಾ ಶಟರನ್ನು ಬಹಳ ಹೊತ್ತು ತೆರೆದಿಟ್ಟುಕೊಳ್ಳಬೇಕು. ನಿಂತ ಸ್ಕೂಟರು ಹಗಲಿನಂತೆ ಕಾಣುತ್ತದೆ, ಓಡುವ ಮನುಷ್ಯ ಹೊಗೆಯಾಗ್ತಾನೆ. ಸೆಕೆಂಡಿಗೆ ಐದು ಮೀಟರ್ ಓಡುವವರು 1/25 ಸೆಕೆಂಡಿನಲ್ಲಿ 20 ಸೆಂಟಿಮೀಟರ್ ಸರಿದಿರ್ತಾರೆ, ಅಂದರೆ ಒಂದು ಮುಖದ ಅಗಲಕ್ಕಿಂತ ಹೆಚ್ಚು. ಅದಕ್ಕೇ ಡೆಮೊ ನೋಡೋದಾದರೆ ರಾತ್ರಿಯೇ ನೋಡಿ. ಇನ್‌ಸ್ಟಾಲರ್‌ಗೆ ಕ್ಯಾಮೆರಾ ಮುಂದೆ ಬೇಗ ನಡೆಯೋಕೆ ಹೇಳಿ, ಆಮೇಲೆ ರೆಕಾರ್ಡ್ ಆಗಿದ್ದನ್ನ ನಿಲ್ಲಿಸಿ ಮುಖ ನೋಡಿ. ಲೈವ್ ಚಿತ್ರ ನೋಡಿ ಮರುಳಾಗಬೇಡಿ.

ಮೂರನೆಯದು ಥರ್ಮಲ್ ಕ್ಯಾಮೆರಾ. ಇದು ಬೆಳಕನ್ನಲ್ಲ, ಮೈಯಿಂದ ಹೊರಡುವ ಶಾಖವನ್ನ ನೋಡುತ್ತದೆ. ಕಗ್ಗತ್ತಲಲ್ಲೂ ಕೆಲಸ ಮಾಡುತ್ತದೆ, ಆದರೆ ಮುಖದ ಗುರುತು ಸಿಗಲ್ಲ, ದುಬಾರಿ ಕೂಡ. ಗೋದಾಮಿನ ಕಾಂಪೌಂಡು, ಆನೆ ಬರುವ ತೋಟದ ಅಂಚು ಇಂಥದ್ದಕ್ಕೆ ಸರಿ. ಪಂಪ್‌ಸೆಟ್ಟಿನ ಕೇಬಲ್, ಒಣಗಲು ಹಾಕಿದ ಅಡಿಕೆ ಕಾಯೋಕೆ ಈಗ ಎಲ್ಲರೂ ಸೋಲಾರ್ ಪ್ಯಾನೆಲ್ ಮತ್ತು 4ಜಿ ಸಿಮ್ ಇರೋ ಬ್ಯಾಟರಿ ಕ್ಯಾಮೆರಾ ಹಾಕ್ತಿದ್ದಾರೆ. ಹಾಕಿ, ಆದರೆ ಇವುಗಳಲ್ಲಿ ಹೆಚ್ಚಿನವು ಸದಾ ರೆಕಾರ್ಡ್ ಮಾಡಲ್ಲ. ಚಲನೆ ಕಂಡಾಗ ಎದ್ದು ರೆಕಾರ್ಡ್ ಶುರುಮಾಡುತ್ತವೆ, ಏಳುವಷ್ಟರಲ್ಲಿ ಮೊದಲ ಕ್ಷಣಗಳು ಕಳೆದಿರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಟ್ಟಿಯ ಮೊದಲನೇ ‘ನೈಟ್ ವಿಷನ್ ಉಪಕರಣ’ ಯಾವುದು ಅಂದರೆ, ಗೇಟಿನ ಪಕ್ಕ ಒಂದು 9 ವಾಟ್ ಎಲ್‌ಇಡಿ ಬಲ್ಬು. ದಿನಕ್ಕೆ 12 ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ, ಗೃಹಜ್ಯೋತಿ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಎರಡನೆಯದು ಬೀದಿದೀಪ. ಕೆಟ್ಟ ಬೀದಿದೀಪ ಸರಿಮಾಡಿಸಿ ಅಂತ ಹತ್ತು ಮನೆಯವರು ಒಟ್ಟಾಗಿ ವಾರ್ಡ್ ಕಚೇರಿಗೆ ಹೋಗೋದು ಬಿಟ್ಟು, ಹತ್ತು ಮನೆಯವರೂ ಹತ್ತು ಕ್ಯಾಮೆರಾ ಹಾಕಿಸ್ತೀವಿ. ಕ್ಯಾಮೆರಾ ಆಮೇಲೆ ನೋಡೋಕೆ. ರಾತ್ರಿ ಪಾಳಿ ಮುಗಿಸಿ ನಡೆದು ಬರೋ ಹೆಣ್ಣುಮಗಳಿಗೆ ಆಗಲೇ ಬೇಕಾದ್ದು ದೀಪ.

ಇನ್‌ಸ್ಟಾಲರ್ ಹೋದ ಮೇಲೆ ಗೊತ್ತಾಗುವ ಸಂಗತಿಗಳು

ಕಿಟಕಿ ಗಾಜಿನ ಒಳಗಿಂದ ಐಆರ್ ಕ್ಯಾಮೆರಾ ಹೊರಗೆ ನೋಡಲಾರದು. ಅದರ ಬೆಳಕೇ ಗಾಜಿಗೆ ತಾಗಿ ವಾಪಸ್ ಬಂದು ಚಿತ್ರ ಬೆಳ್ಳಗಾಗುತ್ತದೆ. ಸಜ್ಜಾ, ಪಕ್ಕದ ಗೋಡೆ, ಹತ್ತಿರದ ಎಲೆ ಯಾವುದಾದರೂ ಚೌಕಟ್ಟಿನ ಒಂದು ಮೂಲೆಯಲ್ಲಿ ಬಂದರೂ ಇದೇ ಕತೆ: ಹತ್ತಿರದ ಗೋಡೆ ಹೊಳೆಯುತ್ತದೆ, ಕ್ಯಾಮೆರಾ ಬೆಳಕು ಹೆಚ್ಚಾಯಿತು ಅಂದುಕೊಂಡು ಇಡೀ ಚಿತ್ರವನ್ನ ಕಪ್ಪು ಮಾಡಿಕೊಳ್ಳುತ್ತದೆ. ಎಲ್‌ಇಡಿಯ ಬೆಚ್ಚಗೆ, ಅದಕ್ಕೆ ಬರುವ ಹುಳ, ಹುಳಕ್ಕೆ ಬರುವ ಜೇಡ. ತಿಂಗಳಿಗೊಮ್ಮೆ ಬಲೆ ತೆಗೆಯದಿದ್ದರೆ ರಾತ್ರಿಯ ದೃಶ್ಯವೆಲ್ಲ ಜೇಡನದ್ದೇ. ಮಡಿಕೇರಿ, ಆಗುಂಬೆ ಕಡೆಯ ಮಂಜು ಮಳೆಯಲ್ಲಿ ಕ್ಯಾಮೆರಾದ್ದೇ ಐಆರ್ ಹನಿಗಳ ಮೇಲೆ ಬಿದ್ದು ಬಿಳಿ ಪರದೆ ಕಟ್ಟುತ್ತದೆ. ಅಲ್ಲಿ ಐಆರ್ ದೀಪವನ್ನ ಕ್ಯಾಮೆರಾದಿಂದ ದೂರ, ಬೇರೆ ಗೋಡೆಗೆ ಹಾಕೋದು ಉಪಾಯ.

ವಾಹನದ ನಂಬರ್ ಬೇಕು ಅಂದರೆ ಅದಕ್ಕೇ ಒಂದು ಕ್ಯಾಮೆರಾ ಮೀಸಲಿಡಿ. ಈಗಿನ ಎಚ್‌ಎಸ್‌ಆರ್‌ಪಿ ಫಲಕದ ಹಾಳೆ ಬೆಳಕನ್ನ ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ. ಸಾಮಾನ್ಯ ಐಆರ್ ಕ್ಯಾಮೆರಾದಲ್ಲಿ ನಂಬರಿನ ಜಾಗದಲ್ಲಿ ಬಿಳಿ ಪಟ್ಟಿ ಮಾತ್ರ ಉಳಿಯುತ್ತದೆ, ಮೇಲೆ ಹೆಡ್‌ಲೈಟ್ ಬೇರೆ. ನಂಬರ್ ಓದುವ ಕ್ಯಾಮೆರಾದಲ್ಲಿ ಶಟರನ್ನು 1/500 ಅಥವಾ ಇನ್ನೂ ವೇಗಕ್ಕೆ ಇಟ್ಟಿರ್ತಾರೆ: ಫಲಕ ಸ್ಪಷ್ಟ, ಉಳಿದದ್ದೆಲ್ಲ ಕಪ್ಪು. ಒಂದೇ ಕ್ಯಾಮೆರಾದಲ್ಲಿ ಮುಖವೂ ನಂಬರೂ ಅಂತ ಯಾರಾದರೂ ಅಂದರೆ ರಾತ್ರಿಯ ರೆಕಾರ್ಡಿಂಗ್ ತೋರಿಸಿ ಅನ್ನಿ.

ವೈರು ಎಳೆಯೋಕೆ ಆಗುವ ಕಡೆ ವೈಫೈ ಕ್ಯಾಮೆರಾ ಬೇಡ. ಹೊಸ ಕಟ್ಟಡಕ್ಕೆ ಒಂದೇ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ ಹೋಗುವ ಪಿಒಇ ಐಪಿ ಕ್ಯಾಮೆರಾ ಒಳ್ಳೇದು, 100 ಮೀಟರ್‌ವರೆಗೆ ತೊಂದರೆ ಇಲ್ಲ. ಹಳೇ ಕೋಆಕ್ಸಿಯಲ್ ವೈರು ಇದ್ದರೆ ಅದೇ ವೈರಿಗೆ ಅನಲಾಗ್ ಎಚ್‌ಡಿ ಹಾಕಿ, ದುಡ್ಡು ಉಳಿಸಿ. ಮತ್ತೆ ಯುಪಿಎಸ್. ಕರೆಂಟ್ ಹೋದಾಗ ನಿಲ್ಲುವ ಕ್ಯಾಮೆರಾವನ್ನ ನಿಲ್ಲಿಸೋಕೆ ಮೀಟರ್ ಬೋರ್ಡಿನ ಸ್ವಿಚ್ ಸಾಕು. ಕ್ಯಾಮೆರಾಗೆ ಮಾತ್ರ ಅಲ್ಲ, ರೆಕಾರ್ಡರಿಗೂ ರೂಟರಿಗೂ ಬ್ಯಾಕಪ್ ಇರಬೇಕು.

ಎಷ್ಟು ದಿನ ಇಡಬೇಕು: ಕಾನೂನು ಮತ್ತು ಹಾರ್ಡ್ ಡಿಸ್ಕ್

ಕರ್ನಾಟಕದಲ್ಲಿ ವ್ಯಾಪಾರ ಮಾಡೋರಿಗೆ ಇದು ಬರೀ ಇಷ್ಟದ ವಿಷಯ ಅಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆ, 2017ರ ಪ್ರಕಾರ ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಾಧ್ಯತೆ ಇರುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನ 30 ದಿನ ಇಡಬೇಕು. ಪಿಜಿಗಳಿಗೆ ಆಗಿನ ಬಿಬಿಎಂಪಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ 90 ದಿನ ಅನ್ನುತ್ತದೆ. ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಬಂದ ನಿಯಮ ಅದು.

ಈಗ ಹಾರ್ಡ್ ಡಿಸ್ಕ್ ಲೆಕ್ಕ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಎಚ್.265ರಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಗೆ 86 ಜಿಬಿ ಚಿಲ್ಲರೆ. ಅಂದರೆ ಪ್ಯಾಕೇಜಿನ ಜತೆ ಕೊಡುವ 1 ಟಿಬಿ ಡಿಸ್ಕ್ ಹನ್ನೊಂದೂವರೆ ದಿನಕ್ಕೆ ತುಂಬಿ ಹಳೇದರ ಮೇಲೆ ಬರೆಯೋಕೆ ಶುರು. 30 ದಿನಕ್ಕೆ ಸುಮಾರು 2.6 ಟಿಬಿ, 90 ದಿನಕ್ಕೆ 7.8 ಟಿಬಿ ಬೇಕು. ಕತ್ತಲ ಚಿತ್ರದಲ್ಲಿ ಕಾಳುಕಾಳು ಹೆಚ್ಚು, ಅದನ್ನ ಕುಗ್ಗಿಸೋದು ಕಷ್ಟ, ಹಾಗಾಗಿ ಬಿಟ್‌ರೇಟಿಗೆ ಮಿತಿ ಹಾಕದಿದ್ದರೆ ರಾತ್ರಿ ಇನ್ನೂ ಜಾಸ್ತಿ ತಿನ್ನುತ್ತದೆ. 90 ದಿನ ಇಡ್ತೀವಿ ಅನ್ನುವ ಪಿಜಿಯ ರೆಕಾರ್ಡರಿನಲ್ಲಿ ಎಷ್ಟು ಟಿಬಿ ಇದೆ ಅಂತ ಅಲ್ಲಿರೋರು ಒಮ್ಮೆ ಕೇಳಿನೋಡಿ.

ನಮ್ಮ ದೇಶದಲ್ಲಿ ‘ನೈಟ್ ವಿಷನ್ ಇರಲೇಬೇಕು’ ಅಂತ ಸುಪ್ರೀಂ ಕೋರ್ಟೇ ಬರೆದಿರುವ ಒಂದು ಜಾಗ ಇದೆ, ಪೊಲೀಸ್ ಠಾಣೆ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಕೊಟ್ಟ ಆದೇಶ ಇದು: ಗೇಟು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ ಎಲ್ಲ ಕಡೆ ಕ್ಯಾಮೆರಾ, ನೈಟ್ ವಿಷನ್, ಧ್ವನಿ ಸಮೇತ ದಾಖಲೆ, 18 ತಿಂಗಳು ಸಂಗ್ರಹ, ಅಷ್ಟು ಸಾಧ್ಯವಾಗದಿದ್ದರೂ ಒಂದು ವರ್ಷಕ್ಕೆ ಕಮ್ಮಿ ಆಗಬಾರದು. 2025ರ ಸೆಪ್ಟೆಂಬರಿನಲ್ಲಿ, ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡ್ತಿಲ್ಲ ಅಂತ ಅದೇ ಕೋರ್ಟು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. ಅಂಗಡಿಯವನ ಕ್ಯಾಮೆರಾ ಕೆಟ್ಟರೆ ದಂಡ. ಠಾಣೆಯದ್ದು ಕೆಟ್ಟರೆ ‘ತಾಂತ್ರಿಕ ದೋಷ’.

ನಿಮ್ಮ ಕ್ಯಾಮೆರಾ ಇನ್ಯಾರು ನೋಡ್ತಿದ್ದಾರೆ?

2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ಸಿಸಿಟಿವಿ ದೃಶ್ಯಗಳು ಆನ್‌ಲೈನಿನಲ್ಲಿ ಮಾರಾಟಕ್ಕೆ ಬಂದಿದ್ದು ಬಯಲಾಯಿತು. ‘ಅಡ್ಮಿನ್123’ ತರಹದ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದೇ ದಾರಿಯಾಯಿತು ಅಂತ ವರದಿಯಾಯಿತು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರು, ರೂಟರುಗಳನ್ನ ವಶಮಾಡಿಕೊಂಡಿದ್ದೂ ಇಂಥದೇ ಫ್ಯಾಕ್ಟರಿ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡು. ಇನ್‌ಸ್ಟಾಲರ್ ಹೊರಡುವ ಮೊದಲು ಪಾಸ್‌ವರ್ಡ್ ನೀವೇ ಬದಲಿಸಿ, ಅವರ ಮೊಬೈಲಿನ ಆ್ಯಪ್‌ನಿಂದ ನಿಮ್ಮ ರೆಕಾರ್ಡರ್ ತೆಗೆಸಿ, ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದರೆ ಮುಚ್ಚಿಸಿ. ಸಂಕೋಚ ಪಡಬೇಡಿ, ಬೀಗ ಹಾಕಿದವರ ಹತ್ತಿರ ಕೀಲಿ ಬಿಡ್ತೀವಾ?

2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಹೊಸ ಭದ್ರತಾ ಪರೀಕ್ಷೆ ಕಡ್ಡಾಯ. ಹಾರ್ಡ್‌ವೇರು, ಫರ್ಮ್‌ವೇರು, ಸೋರ್ಸ್ ಕೋಡ್‌ವರೆಗೂ ನೋಡುವ ಪರೀಕ್ಷೆ ಇದು, ಎಸ್‌ಟಿಕ್ಯೂಸಿ ಪ್ರಮಾಣಪತ್ರ ಅಂತ ಅಂಗಡಿಯಲ್ಲಿ ಕೇಳಿದರೆ ಅರ್ಥ ಆಗುತ್ತದೆ. ‘ಹಳೇ ಸ್ಟಾಕು, ಅರ್ಧ ಬೆಲೆ’ ಅಂತ ಕೊಡೋದನ್ನ ಬಿಟ್ಟುಬಿಡಿ. ಚೀನಾ ಬ್ರಾಂಡ್ ಬೇಡ, ದೇಶಿ ಬ್ರಾಂಡ್ ಕೊಡಿ ಅನ್ನೋರಿಗೆ ಒಂದು ಮಾತು: ಡಬ್ಬದ ಮೇಲಿನ ಹೆಸರಿಗಿಂತ ಒಳಗಿನ ಚಿಪ್ಪು ಯಾರದ್ದು, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ ಅನ್ನೋದು ಮುಖ್ಯ.

ಕ್ಯಾಮೆರಾ ತಿರುಗಿದ ಕಡೆ ಇರೋರಿಗೂ ಹಕ್ಕಿದೆ. ಒಂದೇ ಮನೆಯಲ್ಲಿ ಇರುವ ಸಹನಿವಾಸಿಯ ಒಪ್ಪಿಗೆ ಇಲ್ಲದೆ ವಾಸದ ಜಾಗದೊಳಗೆ ಸಿಸಿಟಿವಿ ನಡೆಸೋದು ಖಾಸಗಿತನದ ಉಲ್ಲಂಘನೆ ಅಂತ 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಮನೆಯ ವೈಯಕ್ತಿಕ ಬಳಕೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅನ್ವಯಿಸಲ್ಲ. ಅಂಗಡಿ, ಗಾರ್ಮೆಂಟ್ಸ್, ಪಿಜಿ, ಕಚೇರಿಗೆ ಆ ವಿನಾಯಿತಿ ಇಲ್ಲ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಹೆಚ್ಚಿನ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ. ಕ್ಯಾಮೆರಾ ಇದೆ ಅಂತ ಕನ್ನಡದಲ್ಲಿ ಬೋರ್ಡು ಹಾಕಲು ಅಲ್ಲಿವರೆಗೆ ಕಾಯಬೇಕಿಲ್ಲ. ಬಟ್ಟೆ ಬದಲಿಸುವ ಜಾಗ, ಶೌಚಾಲಯ ಕಾಣುವ ಹಾಗೆ ಕ್ಯಾಮೆರಾ ಇಟ್ಟರೆ ಅದು ಬಿಎನ್‌ಎಸ್ ಕಲಂ 77, ಐಟಿ ಕಾಯ್ದೆಯ 66ಇ ಅಡಿ ಜೈಲಿಗೆ ಹೋಗುವ ಅಪರಾಧ. ಪಕ್ಕದ ಮನೆಯ ಕಿಟಕಿ ಚೌಕಟ್ಟಿನೊಳಗೆ ಬರ್ತಿದ್ದರೆ ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ‘ಪ್ರೈವೆಸಿ ಮಾಸ್ಕ್’ ಅನ್ನೋ ಸೌಲಭ್ಯ ಇದೆ, ಆ ಭಾಗವನ್ನ ಕಪ್ಪು ಮಾಡಿಬಿಡಿ. ಮೈಕ್ ಆರಿಸಿಡಿ. ಕೆಲಸದವರ ಮಾತು ಕೇಳಿಸಿಕೊಳ್ಳೋಕೆ ಅಲ್ಲ ನೀವು ಇದನ್ನ ಹಾಕಿಸಿದ್ದು.

ಘಟನೆ ನಡೆದೇ ಬಿಟ್ಟರೆ

ಮೊದಲು ಗುಂಪಿಗೆ ಹಾಕಬೇಡಿ. ರೆಕಾರ್ಡರಿನ ಡಿಸ್ಕ್ ಹಳೇದರ ಮೇಲೆ ಬರೆದುಕೊಂಡು ಹೋಗ್ತಿರುತ್ತದೆ, ಹಾಗಾಗಿ ಆ ಹೊತ್ತಿನ ಹಿಂದೆ ಮುಂದೆ ಅರ್ಧ ಗಂಟೆಯನ್ನ ಪೆನ್‌ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಮೊಬೈಲಿನಲ್ಲಿ ಮಾನಿಟರ್ ಶೂಟ್ ಮಾಡಿದ ವಿಡಿಯೊ ಪುರಾವೆ ಅಲ್ಲ, ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಮೊದಲೇ ಇದ್ದ ಪಿಕ್ಸೆಲ್ಲನ್ನೂ ಕಳೆದುಕೊಂಡಿರುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಕೋರ್ಟಿಗೆ ಕೊಡುವ ಪ್ರತಿಗೆ ಪ್ರಮಾಣಪತ್ರ ಬೇಕು. ‘ಎ’ ಭಾಗವನ್ನ ಉಪಕರಣ ನೋಡಿಕೊಳ್ಳೋರು, ‘ಬಿ’ ಭಾಗವನ್ನ ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಬಿಟ್ ತಿದ್ದಿದರೂ ಬದಲಾಗುತ್ತದೆ. ಹಳೇ ಕಾಯ್ದೆಯ 65ಬಿ ಕಾಲದಲ್ಲೇ ಇಂಥ ಪ್ರಮಾಣಪತ್ರ ಕಡ್ಡಾಯ ಅಂತ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತ್ತು.

ಪೊಲೀಸರು ಬಂದು ‘ಫೂಟೇಜ್ ಕೊಡಿ’ ಅಂದರೆ ಕೊಡಿ. ಆದರೆ ಬಿಎನ್‌ಎಸ್‌ಎಸ್ ಕಲಂ 94ರ ಅಡಿ ಲಿಖಿತ ನೋಟಿಸ್ ಕೇಳಿ, ಡಿಸ್ಕನ್ನೇ ಒಯ್ಯುವುದಾದರೆ ಮಹಜರಿನ ಪ್ರತಿ ಇಟ್ಟುಕೊಳ್ಳಿ, ಅದಕ್ಕೂ ಮೊದಲು ನಿಮ್ಮದೊಂದು ಪ್ರತಿ ಮಾಡಿಕೊಳ್ಳಿ.

ಮತ್ತೆ ಇವತ್ತೇ ರೆಕಾರ್ಡರಿನ ಗಡಿಯಾರವನ್ನ ಮೊಬೈಲಿನ ಸಮಯಕ್ಕೆ ಹೋಲಿಸಿ ನೋಡಿ. ಇಂಟರ್‌ನೆಟ್ ಸಂಪರ್ಕ ಇಲ್ಲದ ಡಿವಿಆರ್‌ಗಳು ತಿಂಗಳುಗಟ್ಟಲೆಯಲ್ಲಿ ನಿಮಿಷಗಟ್ಟಲೆ ಹಿಂದೆ ಮುಂದೆ ಹೋಗಿರುತ್ತವೆ. ರಾತ್ರಿ 11:40ಕ್ಕೆ ಗೇಟಿನ ಹತ್ತಿರ ಇದ್ದದ್ದು ಯಾರು ಅನ್ನೋ ಪ್ರಶ್ನೆಯಲ್ಲಿ, 11:40 ಯಾವ ಗಡಿಯಾರದ್ದು ಅಂತ ವಕೀಲರು ಕೇಳೇ ಕೇಳ್ತಾರೆ.